ಮರದಚ್ಚಿನ ಶಿಬಿರಕ್ಕೆ ಹೊರಟಿದ್ದೇನೆ, ಅನುಭವ ಇದ್ದವರು ಹೇಳಿ

ಪ್ರಶ್ನೆ: ಮೇ ತಿಂಗಳಲ್ಲಿ ಚಿತ್ರದುರ್ಗದ ಬಳಿ ನಾಲ್ಕು ವಾರದ ಕಲಾವಿದರ ವಸತಿ ಶಿಬಿರವಿದೆ. ಬದಲಾಗುತ್ತಿರುವ ಅಲ್ಲಿನ ಬೆಟ್ಟ, ಕೆರೆಗಳ ಮೇಲೆ ವುಡ್‌ಕಟ್ ಮಾಡಬೇಕು, ಅಂದರೆ ಹಲಗೆ ಕೆತ್ತಿ, ಮಸಿ ಹಚ್ಚಿ, ಕಾಗದಕ್ಕೆ ಅಚ್ಚು ಒತ್ತಬೇಕು. ಇದುವರೆಗೆ ಲಿನೋ (ಲಿನೋಲಿಯಂ ಎಂಬ ಮೆದು ಹಾಳೆ) ಮಾತ್ರ ಕೆತ್ತಿದ್ದೇನೆ. ಯಾವ ಹಲಗೆ, ಯಾವ ಮಸಿ, ಎಷ್ಟು ಚಿತ್ರ?

ಚಿತ್ರದುರ್ಗದಿಂದ: ತಂಗಿ, ಲಿನೋಗೆ ನಾರಿಲ್ಲ, ಉಳಿ ಎತ್ತ ತಿರುಗಿಸಿದರೂ ಹೋಗುತ್ತದೆ. ಮರ ಹಾಗಲ್ಲ. ನಾರಿಗೆ ಅಡ್ಡ ಹೋದರೆ ಸಿಬಿರು ಎದ್ದು ಬರುತ್ತದೆ. ಗುಡ್ಡದ ಮೇಲಿನ ಗಾಳಿಯಂತ್ರವೊಂದನ್ನು ಮೂರು ದಿನ ಕೆತ್ತಿದ್ದೆ, ಕೊನೆಯ ಗೀರಿಗೆ ಒಂದು ರೆಕ್ಕೆಯೇ ಹಾರಿಹೋಯಿತು. ತೆಳುವಾದ ಗೆರೆಗಳಿಗೆ ಮೊದಲು ಎರಡೂ ಬದಿ ಚಾಕುವಿನಿಂದ ಗೀರಿ, ಆಮೇಲೆ ಉಳಿ ಹಿಡಿಯಿರಿ.

ಹತ್ತು ಚಿತ್ರದ ಆಸೆ ಬಿಡಿ. ನಾನು ಚಂದ್ರವಳ್ಳಿಯ ಕೆರೆ ದಂಡೆಯಲ್ಲಿ ಒಂದೇ ಜಾಗದಲ್ಲಿ ಕೂತು, ಒಂದೇ ಹಲಗೆಯಲ್ಲಿ ಇಡೀ ತಿಂಗಳು ಕಳೆದೆ. ರಿಡಕ್ಷನ್ ವಿಧಾನ: ಒಂದು ಬಣ್ಣ ಅಚ್ಚು ಹಾಕುವುದು, ಅದೇ ಹಲಗೆಯನ್ನು ಇನ್ನಷ್ಟು ಕೆತ್ತುವುದು, ಅದರ ಮೇಲೆ ಮುಂದಿನ ಗಾಢ ಬಣ್ಣ. ಮೊದಲ ವಾರ ಒಣಹುಲ್ಲಿನ ಹಳದಿ ಹಾಕಿದೆ. ಮಳೆ ಎರಡು ಸಲ ಬಿದ್ದ ಮೇಲೆ ಹಸಿರು, ಕೊನೆಗೆ ಬಂಡೆಯ ನೆರಳಿನ ಕಪ್ಪು. ಯಾವ ಹಳದಿ ಉಳಿಯಬೇಕೋ ಆ ಭಾಗವನ್ನು ಹಸಿರು ಹಚ್ಚುವ ಮೊದಲೇ ಕೆತ್ತಿ ತೆಗೆಯಬೇಕು. ಮರೆತರೆ ಆ ಬೇಸಿಗೆ ಹೋಯಿತೆಂದೇ ಲೆಕ್ಕ, ಹಿಂದಕ್ಕೆ ದಾರಿಯಿಲ್ಲ. ಹಾಳೆ ಎಷ್ಟೆಂದು ಮೊದಲ ದಿನವೇ ತೀರ್ಮಾನಿಸಿ. ನಾನು ಹನ್ನೆರಡು ಹಾಕಿದ್ದೆ, ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂತದ್ದು ಐದರಲ್ಲಿ. ಹಾಳೆ ಜರುಗದಂತೆ ಹಲಗೆಯ ಎರಡು ಮೂಲೆಗೆ ರಟ್ಟಿನ ತುಂಡು ಅಂಟಿಸುವ ಬುದ್ಧಿ ಆಮೇಲೆ ಬಂತು.

ಅಚ್ಚು ಕನ್ನಡಿಯಲ್ಲಿನಂತೆ ತಿರುಗಾಮುರುಗಾ ಬೀಳುತ್ತದೆ ಎಂಬುದು ಲಿನೋದಿಂದ ನಿಮಗೆ ಗೊತ್ತು. ನನಗೂ ಗೊತ್ತಿತ್ತು! ಆದರೂ ಕೋಟೆ ತಿರುಗಿಯೇ ಬಿತ್ತು. ಪಕ್ಕದ ಮನೆಯ ಅಜ್ಜ ನೋಡಿ, "ಇದು ಯಾವ ಊರಿನ ದುರ್ಗ?" ಎಂದರು.

ದಾವಣಗೆರೆಯಿಂದ: ನೀರಿನ ಮಸಿ ಬೇಡ. ಮೇ ಬಿಸಿಲಿಗೆ ರೋಲರ್ ಉರುಳಿಸುವಷ್ಟರಲ್ಲಿ ಮಸಿ ಹರಡುವ ಗಾಜಿನ ಮೇಲೆಯೇ ಒಣಗುತ್ತದೆ. ಎಣ್ಣೆ ಮಸಿಯೇ ಸರಿ. ಅಚ್ಚು ಒತ್ತುವ ಪ್ರೆಸ್ ಇಲ್ಲದಿದ್ದರೆ ತೆಳು ಕಾಗದದ ಮೇಲೆ ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜಿ. ನನ್ನ ಮಟ್ಟಿಗೆ ಪ್ರೆಸ್ಸಿಗಿಂತ ಅದೇ ಚೆನ್ನ. ಹಲಗೆಗೆ ದುಡ್ಡು ಸುರಿಯಬೇಡಿ, ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಸಾಕು. ತಂತಿ ಬ್ರಷ್ಷಿನಿಂದ ನಾರಿನುದ್ದಕ್ಕೂ ಉಜ್ಜಿದರೆ ಮೆದು ಭಾಗ ಸವೆದು ಗೆರೆಗಳು ಏಳುತ್ತವೆ, ಅವೇ ಅಲೆಗಳಂತೆ ಕಾಣುತ್ತವೆ, ಕೆರೆಯ ನೀರನ್ನು ಬೇರೆ ಕೆತ್ತಬೇಕಾಗಿಲ್ಲ.

ಹಿರಿಯೂರಿನಿಂದ: ಮಾರಿಕಣಿವೆಗೂ ಒಮ್ಮೆ ಬನ್ನಿ ಅಕ್ಕ. 1933ರಲ್ಲಿ ಕೋಡಿ ಬಿದ್ದ ಅಲ್ಲಿನ ಅಣೆಕಟ್ಟು ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಲ್ಲಿಯವರೆಗೆ ಅದು ನಮಗೆ ಅಜ್ಜಂದಿರ ಕಥೆ. ನಾವು ಬಾಗಿನದ ಸಂಭ್ರಮದಲ್ಲಿದ್ದಾಗ ಹೊಸದುರ್ಗದ ಕಡೆ ಹಿನ್ನೀರಿನಲ್ಲಿ ತೋಟಗಳು ಮುಳುಗಿದ್ದವು. ಕೆತ್ತುವುದಾದರೆ ಆ ಬದಿಯನ್ನೂ ನೋಡಿ.

ಚಿತ್ರದುರ್ಗದಿಂದ ಮತ್ತೆ: ಸಾಣೆಕಲ್ಲು ಮರೆಯಬೇಡಿ. ಸೈಕಲ್ಲಿನಲ್ಲಿ ಸಾಣೆ ಹಿಡಿಯುವವರು ಬರುತ್ತಾರೆ. ಚಾಕು ಕೊಡಿ, ವಿ ಆಕಾರದ ಉಳಿ ಮಾತ್ರ ಕೊಡಬೇಡಿ. ನನ್ನದು ಈಗ ಚಿಪ್ಪಿನಿಂದ ತೆಂಗಿನಕಾಯಿ ಕೀಳಲಷ್ಟೇ ಲಾಯಕ್ಕು.