ಅಪ್‌ಡೇಟ್: ಕಂಪ್ಯೂಟರ್ ಚಾಲನೆಯಲ್ಲಿರುವಾಗಲೇ ಸಾಧನಗಳನ್ನು ಬದಲಿಸುವ ಬಗ್ಗೆ

ಕಂಪ್ಯೂಟರ್ ಆಫ್ ಮಾಡದೆಯೇ ಕೀಬೋರ್ಡ್, ಮೌಸ್, ಹೊರಗಿನ ಹಾರ್ಡ್ ಡಿಸ್ಕ್ ಕಿತ್ತು ಬೇರೆಯವನ್ನು ಜೋಡಿಸಬಹುದೇ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಕೆಲಸ ಮುಗಿದಿದೆ, ಏನೂ ಸುಟ್ಟಿಲ್ಲ.

ಯುಎಸ್‌ಬಿ ಕೀಬೋರ್ಡ್, ಮೌಸ್‌ಗಳಿಗೆ ಇಷ್ಟು ಚಿಂತೆ ಬೇಕೇ ಇರಲಿಲ್ಲ. ಅಗಲವಾದ ಹಳೆಯ ಮಾದರಿಯ ಪ್ಲಗ್ಗನ್ನು ಬೆಳಕಿಗೆ ಹಿಡಿದರೆ ಕಾರಣ ಕಣ್ಣಿಗೇ ಬೀಳುತ್ತದೆ: ನಾಲ್ಕು ಲೋಹದ ಪಟ್ಟಿಗಳಲ್ಲಿ ಅಂಚಿನ ಎರಡು ತುಸು ಉದ್ದ, ನಡುವಿನ ಎರಡು ಗಿಡ್ಡ. ಅಂಚಿನವು ವಿದ್ಯುತ್ತಿಗೆ, ನಡುವಿನವು ದತ್ತಾಂಶಕ್ಕೆ. ಹೀಗಾಗಿ ಸಿಕ್ಕಿಸುವಾಗ ವಿದ್ಯುತ್ ಸಂಪರ್ಕ ಮೊದಲು ಕೂಡುತ್ತದೆ, ಕೀಳುವಾಗ ಕೊನೆಗೆ ಬಿಡುತ್ತದೆ.

ಹಾರ್ಡ್ ಡಿಸ್ಕಿನದು ಬೇರೆಯೇ ಕಥೆ. ನಕಲು ಮುಗಿಯಿತೆಂದು ಪರದೆ ಹೇಳಿದ ಮೇಲೂ ಕೊನೆಯ ತುಣುಕುಗಳು ಮೆಮೊರಿಯಲ್ಲೇ ಉಳಿದಿರಬಹುದು. ವಿಂಡೋಸ್ 10ರ 1809ನೇ ಆವೃತ್ತಿಯಿಂದ ಬೇಗ ಕೀಳಲು ಅನುಕೂಲವಾದ ವ್ಯವಸ್ಥೆಯೇ ಮೊದಲಿನಿಂದ ಆಯ್ಕೆಯಾಗಿರುತ್ತದೆ ನಿಜ. ಆದರೂ ಎಜೆಕ್ಟ್ (ಡಿಸ್ಕನ್ನು ಸುರಕ್ಷಿತವಾಗಿ ಬಿಡಿಸುವ ಆಯ್ಕೆ) ಒತ್ತದೆ ಕೀಳುವ ಧೈರ್ಯ ನನಗಿಲ್ಲ. ಅದನ್ನು ಒತ್ತಿದರೆ, ಡಿಸ್ಕ್ ಇನ್ನೂ ಬಳಕೆಯಲ್ಲಿದೆ ಎಂದು ಕಂಪ್ಯೂಟರ್ ಹಟ ಹಿಡಿಯಿತು. ಹಿಂದೆಲ್ಲೋ ತೆರೆದೇ ಇದ್ದ ಒಂದು ಫೋಟೊ ಮುಚ್ಚಿದ ಮೇಲೆ ಬಿಟ್ಟುಕೊಟ್ಟಿತು. ಒಳಗೆ ತಟ್ಟೆ ತಿರುಗುವ ಡಿಸ್ಕ್ ಆದ್ದರಿಂದ ಸದ್ದು ಅಡಗುವವರೆಗೆ ಅದನ್ನು ಮೇಜಿನಿಂದ ಎತ್ತಲಿಲ್ಲ.

ಹಳೆಯ ಯಂತ್ರದಲ್ಲಿರುವ ನೇರಳೆ ಬಣ್ಣದ ದುಂಡು ಪಿಎಸ್/2 ಪೋರ್ಟ್ (ಕೀಬೋರ್ಡ್ ಜೋಡಿಸುವ ಹಳೆಯ ಕಿಂಡಿ) ಹೀಗೆ ಚಾಲನೆಯಲ್ಲಿರುವಾಗಲೇ ಕಿತ್ತು ಜೋಡಿಸಲೆಂದು ರೂಪುಗೊಂಡದ್ದಲ್ಲ. ಅಲ್ಲಿನ ಕೀಬೋರ್ಡನ್ನು ಶಟ್‌ಡೌನ್ ಮಾಡಿಯೇ ಬದಲಿಸಿದೆ. ಆನ್ ಇರುವಾಗಲೇ ಕಿತ್ತರೂ ಏನೂ ಆಗಲಿಲ್ಲ ಎಂದವರೂ ಇದ್ದರು; ಅವರ ಅದೃಷ್ಟ ಅವರಿಗೆ. ಪ್ರಿಂಟರ್ ಬದಲಿಸುವುದು ಇನ್ನೂ ಬಾಕಿ ಇದೆ.