ಹೆತ್ತವರನ್ನು ಹುಡುಕಬೇಕು ಅನಿಸುತ್ತಿದೆ, ಅವ್ವನಿಗೆ ಹೇಗೆ ಹೇಳಲಿ?

ಮಂಡಕ್ಕಿ ವ್ಯಾಪಾರಿ, ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ನನಗೆ 37 ವರ್ಷ. ದಾವಣಗೆರೆಯಲ್ಲಿ ಖಾರ ಮಂಡಕ್ಕಿ ಪ್ಯಾಕ್ ಮಾಡಿ ಮಾರುತ್ತೇನೆ, 14 ಜನ ಕೆಲಸಕ್ಕಿದ್ದಾರೆ. ಅಪ್ಪ ಭಟ್ಟಿಯಿಂದ ಚೀಲ ಎತ್ತಿ ಸಂತೆ ಸಂತೆಗೆ ಒಯ್ಯುತ್ತಿದ್ದರು. ನಾನು ಅದೇ ಮಂಡಕ್ಕಿಗೆ ಒಗ್ಗರಣೆ ಹಾಕಿ, ಪ್ಯಾಕೆಟ್ ಮಾಡಿ ಹುಬ್ಬಳ್ಳಿ, ಬೆಂಗಳೂರಿನ ಅಂಗಡಿಗಳಿಗೆ ಕಳಿಸುತ್ತಿದ್ದೇನೆ.

ಹೋದ ವರ್ಷ ಅಪ್ಪ ತೀರಿಕೊಂಡರು. ಖಾತೆ ಬದಲಾಯಿಸಲು ಮನೆ ಪತ್ರ ಹುಡುಕುವಾಗ ಟ್ರಂಕಿನ ತಳದಲ್ಲಿ 1988ರ ಒಂದು ಕೋರ್ಟ್ ಕಾಗದ ಸಿಕ್ಕಿತು. ನಾನು ಚಿತ್ರದುರ್ಗದ ಒಂದು ಮಕ್ಕಳ ಆಶ್ರಮದಿಂದ ಬಂದ ಮಗು ಅಂತ ಅದರಲ್ಲಿದೆ. ಹೆತ್ತವಳ ಹೆಸರಿಲ್ಲ. ಕಾಗದ ಅಲ್ಲೇ ಇಟ್ಟು ಟ್ರಂಕು ಮುಚ್ಚಿದೆ. ಅವ್ವನಿಗೆ 72, ನನಗೆ ಗೊತ್ತಾಗಿದೆ ಅಂತ ಅವಳಿಗೆ ಗೊತ್ತಿಲ್ಲ.

ಈಗ ನನ್ನ ಮಗನಿಗೆ ರಕ್ತ ಕಡಿಮೆ ಇದೆ ಅಂತ ಡಾಕ್ಟರ್ ಪರೀಕ್ಷೆ ಬರೆದಿದ್ದಾರೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಥಲಸ್ಸೀಮಿಯಾ ಇತ್ತಾ, ಅದು ಹೆತ್ತವರಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆ ಅಂದರು. ಅವ್ವ ಪಕ್ಕದಲ್ಲೇ ಕೂತಿದ್ದಳು, "ನಮ್ಮಲ್ಲಿ ಯಾರಿಗೂ ಇಲ್ಲ" ಅಂದಳು. ನಾನು ನೆಲ ನೋಡುತ್ತಾ ಕೂತೆ. ಹೆತ್ತವರನ್ನು ಹುಡುಕಲು ದಾರಿ ಇದೆಯಾ? ಹುಡುಕಿದರೆ ಆಸ್ತಿಗೆ ತೊಂದರೆ ಆಗುತ್ತಾ? ದಾಯಾದಿಗಳು ಈಗಲೇ ಪಿಸುಗುಟ್ಟುತ್ತಿದ್ದಾರೆ.

ಹಳೇ ಕಚೇರಿಯವನು:

ಮಕ್ಕಳ ರಕ್ಷಣೆ ಕೆಲಸದಲ್ಲಿ ಕೆಲವು ವರ್ಷ ಇದ್ದೆ, ಅದಕ್ಕೆ ಬರೆಯುತ್ತಿದ್ದೇನೆ. ದಾರಿ ಇದೆ, ಅದಕ್ಕೆ ರೂಟ್ ಸರ್ಚ್ ಅನ್ನುತ್ತಾರೆ. 18 ತುಂಬಿದವರು ತಾವೇ ಅರ್ಜಿ ಕೊಡಬಹುದು. ದೆಹಲಿಯಲ್ಲಿರುವ ಕೇಂದ್ರ ದತ್ತು ಪ್ರಾಧಿಕಾರಕ್ಕಾದರೂ ಬರೆಯಿರಿ (ಎಲ್ಲರೂ ಕಾರಾ ಅನ್ನುತ್ತಾರೆ), ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕಾದರೂ ಕೊಡಿ, ಆ ಆಶ್ರಮ ಈಗಲೂ ಇದ್ದರೆ ಅಲ್ಲಿಗೇ ಹೋಗಿ. ನಿಮ್ಮ ಪರವಾಗಿ ಏಜೆಂಟನೋ ಇನ್ನೊಬ್ಬನೋ ಹುಡುಕುವ ಹಾಗಿಲ್ಲ, ನಿಯಮದಲ್ಲೇ ಬೇಡ ಅಂತಿದೆ. ದುಡ್ಡು ಕೊಡಿ, ಹುಡುಕಿ ಕೊಡುತ್ತೇನೆ ಅನ್ನುವವರನ್ನು ದೂರ ಇಡಿ.

ಇನ್ನೊಂದು ಮುಖ್ಯ ವಿಷಯ. ದಾವಣಗೆರೆ ಜಿಲ್ಲೆ ಆಗಿದ್ದು 1997ರ ಆಗಸ್ಟ್‌ನಲ್ಲಿ. 1988ರಲ್ಲಿ ನೀವೂ ಚಿತ್ರದುರ್ಗ ಜಿಲ್ಲೆಯವರೇ. ಹಾಗಾಗಿ ಕೋರ್ಟ್ ಫೈಲು ಚಿತ್ರದುರ್ಗದಲ್ಲೇ ಇರುವ ಸಾಧ್ಯತೆ ಜಾಸ್ತಿ. ಕಾಗದದಲ್ಲಿರುವ ಕೇಸ್ ನಂಬರ್ ಮೊದಲು ಬರೆದಿಟ್ಟುಕೊಳ್ಳಿ, ನಕಲಿಗೆ ಅರ್ಜಿ ಹಾಕಲು ಅದು ಬೇಕೇ ಬೇಕು.

ಮಗುವನ್ನು ಒಪ್ಪಿಸುವಾಗ ತಾಯಿ ನನ್ನ ಹೆಸರು ಹೊರಗೆ ಬರಬಾರದು ಅಂದಿದ್ದರೆ ಈಗ ಆಕೆಯ ಒಪ್ಪಿಗೆ ಕೇಳಬೇಕಾಗುತ್ತದೆ. ಆಕೆ ಬೇಡ ಅಂದರೆ ಹೆಸರು, ವಿಳಾಸ ಸಿಗಲ್ಲ. ಯಾವ ಪರಿಸ್ಥಿತಿಯಲ್ಲಿ ಒಪ್ಪಿಸಿದರು ಅನ್ನುವುದನ್ನು ಮಾತ್ರ ತಿಳಿಸುತ್ತಾರೆ.

ಆಸ್ತಿ ಬಗ್ಗೆ ಹೆದರಬೇಡಿ. 1956ರ ಹಿಂದೂ ದತ್ತು ಕಾಯ್ದೆ ಪ್ರಕಾರ ದತ್ತು ಆದ ದಿನದಿಂದ ನೀವು ಈ ಮನೆಯ ಮಗ. ಸರಿಯಾಗಿ ಆದ ದತ್ತನ್ನು ಯಾರೂ ರದ್ದು ಮಾಡಲು ಬರಲ್ಲ, ನೀವೂ ಸೇರಿ. ಹುಟ್ಟಿದ ಮನೆಯ ಜೊತೆ ಒಂದು ನಂಟು ಕಾನೂನಿನಲ್ಲಿ ಉಳಿಯುತ್ತದೆ: ಅಲ್ಲೇ ಇದ್ದಿದ್ದರೆ ಯಾರನ್ನು ಮದುವೆ ಆಗಲು ಬರುತ್ತಿರಲಿಲ್ಲವೋ ಅವರನ್ನು ಈಗಲೂ ಆಗುವಂತಿಲ್ಲ. ನೀವು ಹುಡುಕಿದಿರಿ ಅಂತ ಯಾರೂ ನಿಮ್ಮ ಹಕ್ಕು ಕಿತ್ತುಕೊಳ್ಳಲು ಆಗಲ್ಲ.

ದುರ್ಗದ ಅಕ್ಕ:

ಅಣ್ಣಾ, ನಾನೂ ದತ್ತು ಮಗಳೇ. ಮೊದಲು ಮಗುವಿನ ವಿಷಯ. ಥಲಸ್ಸೀಮಿಯಾ ಇದೆಯಾ ಅಂತ ತಿಳಿಯಲು ಹೆತ್ತವರು ಬೇಕಿಲ್ಲ. ನೀವೂ ನಿಮ್ಮ ಹೆಂಡತಿಯೂ ರಕ್ತ ಕೊಟ್ಟು ಎಚ್‌ಪಿಎಲ್‌ಸಿ ಅನ್ನುವ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಇಬ್ಬರಲ್ಲೂ ಆ ಕಾಯಿಲೆಯ ಗುಣ (ತಮಗೆ ಕಾಯಿಲೆ ಇಲ್ಲದಿದ್ದರೂ ಮಕ್ಕಳಿಗೆ ದಾಟುವಂಥದ್ದು) ಇದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಬ್ಬರಲ್ಲೇ ಇದ್ದರೆ ಮಗುವಿಗೆ ಗುಣ ಬರಬಹುದು ಅಷ್ಟೇ, ದೊಡ್ಡ ಕಾಯಿಲೆ ಬರಲ್ಲ. ಇದನ್ನು ಈ ವಾರವೇ ಮಾಡಿಸಿ.

ಆಮೇಲೆ ಮಗನ ಕಾರಣ ಪಕ್ಕಕ್ಕಿಡಿ. ಹೆತ್ತವಳ ಮುಖ ನೋಡಬೇಕು ಅನಿಸಿದೆ, ಅಲ್ವಾ? ಹಾಗಂತಲೇ ಅವ್ವನಿಗೆ ಹೇಳಿ. ನಾನು ಹೇಳದೆ ತಪ್ಪು ಮಾಡಿದೆ. ಸರ್ಟಿಫಿಕೇಟು, ಪಾಸ್‌ಪೋರ್ಟು ಅಂತ ಏನೇನೋ ಹೇಳಿ ಎರಡು ವರ್ಷ ಕದ್ದು ಓಡಾಡಿದೆ. ಕೊನೆಗೆ ಅಮ್ಮನಿಗೆ ಬೇರೆಯವರ ಬಾಯಿಂದ ಗೊತ್ತಾಯಿತು. ಹುಡುಕಿದ್ದಕ್ಕೆ ಅವಳು ಅಳಲಿಲ್ಲ, ನನ್ನನ್ನು ಬಿಟ್ಟು ಒಬ್ಬಳೇ ಹೋದೆಯಲ್ಲ ಅಂತ ಅತ್ತಳು.

ನನ್ನನ್ನು ಹೆತ್ತವಳು ತೀರಿಹೋಗಿದ್ದಳು. ಹೊಸದುರ್ಗದ ಕಡೆ ಒಬ್ಬ ಚಿಕ್ಕಮ್ಮ ಸಿಕ್ಕಳು. ನನ್ನ ಕೈ ಹಿಡಿದು ಬೆರಳುಗಳನ್ನೇ ನೋಡಿದಳು, ಅಕ್ಕನದೂ ಹೀಗೇ ಇತ್ತು ಅಂದಳು. ಈಗ ಹಬ್ಬಕ್ಕೆ ಫೋನ್ ಮಾಡುತ್ತೇವೆ. ಅವಳ ಗಂಡನಿಗೆ ನಾನು ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ಹೊಲಿಗೆ ಕಲಿಸಿದ ಟೀಚರ್ ಅಂದುಕೊಂಡಿದ್ದಾನೆ. ಅದಕ್ಕೇ ಹೇಳುತ್ತೇನೆ, ನೀವಾಗಿಯೇ ಯಾವ ಊರಿಗೂ ಹೋಗಿ ಚಹಾ ಅಂಗಡಿಯಲ್ಲಿ ವಿಚಾರಿಸಬೇಡಿ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. 37 ವರ್ಷ ಮುಚ್ಚಿಟ್ಟು ಬದುಕಿದವಳ ಗತಿ ಏನು?

ಮತ್ತೆ, ನೀವು ಕಾರ್ಖಾನೆ ಇಟ್ಟವರು. ಬೋರ್ಡು, ಕಾರು ಮೊದಲ ಭೇಟಿಯಲ್ಲಿ ಬೇಡ. ನನ್ನದು ಟೈಲರಿಂಗ್ ಅಂಗಡಿ, ನನಗೇ ಎರಡನೇ ತಿಂಗಳಿಗೆ ಸಾಲದ ಮಾತು ಬಂತು. ಅವರು ಕೆಟ್ಟವರಲ್ಲ, ಕಷ್ಟ ಇತ್ತು. ಆದರೆ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೊಳಲ್ಕೆರೆಯಿಂದ ಒಬ್ಬ ತಾಯಿ:

ನಾನು ದತ್ತು ತಗೊಂಡ ತಾಯಿ. ಮಗಳಿಗೆ 11. ಅವಳಿಗೆ ಮೂರನೇ ವರ್ಷದಿಂದಲೇ ಹೇಳಿದ್ದೇನೆ. ನಿಮ್ಮ ಅವ್ವನ ಕಾಲದಲ್ಲಿ ಹೇಳಿಕೊಡುವವರು ಯಾರೂ ಇರಲಿಲ್ಲ, ಬಂಜೆ ಅನ್ನುವ ಮಾತು ಕೇಳಿ ಕೇಳಿ ಬಾಯಿ ಮುಚ್ಚಿಕೊಂಡಿರುತ್ತಾರೆ. ಯಾಕೆ ಮುಚ್ಚಿಟ್ಟೆ ಅಂತ ದಯವಿಟ್ಟು ಶುರು ಮಾಡಬೇಡಿ. ನಾನು ಮನೆಗೆ ಬಂದ ದಿನ ಏನೇನಾಯಿತು ಅಂತ ಕೇಳಿ. ಆ ಕಥೆ ಹೇಳಲು ಅವರು ಎಷ್ಟು ವರ್ಷದಿಂದ ಕಾದಿದ್ದಾರೋ.

ಮಂಡಕ್ಕಿ ವ್ಯಾಪಾರಿ, ದಾವಣಗೆರೆ:

ಹತ್ತು ದಿನ ಆಯಿತು, ಬರೆಯಲು ತಡವಾಯಿತು. ಪರೀಕ್ಷೆ ಮಾಡಿಸಿದೆವು. ಗುಣ ನನ್ನಲ್ಲಿದೆ, ಹೆಂಡತಿಯಲ್ಲಿ ಇಲ್ಲ. ಮಗನಿಗೂ ನನ್ನ ಹಾಗೆ ಗುಣ ಅಷ್ಟೇ.

ಆ ವರದಿ ಹಿಡಿದುಕೊಂಡೇ ಅವ್ವನ ಹತ್ತಿರ ಹೋದೆ. ಹೊಳಲ್ಕೆರೆಯ ಅಮ್ಮ ಹೇಳಿದ ಹಾಗೇ ಕೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ. ಟ್ರಂಕಿನ ಬೀಗ ಬದಲಾಗಿದ್ದು ಅವತ್ತೇ ನೋಡಿದ್ದಳಂತೆ, ನಾನೇ ಕೇಳಲಿ ಅಂತ ಕಾದಿದ್ದಳಂತೆ. ಚಿತ್ರದುರ್ಗದಿಂದ ಬಸ್ಸಿನಲ್ಲಿ ತರುವಾಗ ನಾನು ದಾರಿಯುದ್ದಕ್ಕೂ ಅತ್ತೆನಂತೆ, ಅಪ್ಪ ಬಸ್ಸು ನಿಂತಲ್ಲೆಲ್ಲ ಇಳಿದು ಹಾಲು ಕೇಳಿದರಂತೆ. ಆಮೇಲೆ ಪ್ರತಿ ವರ್ಷ ಆ ಆಶ್ರಮಕ್ಕೆ ಇಬ್ಬರೂ ಒಂದು ಚೀಲ ಮಂಡಕ್ಕಿ ಕೊಟ್ಟು ಬರುತ್ತಿದ್ದರಂತೆ. ನಾನು ಶಾಲೆಗೆ ಸೇರಿದ ಮೇಲೆ, ಎಲ್ಲಿ ನನಗೆ ಗೊತ್ತಾಗುತ್ತದೋ ಅಂತ ನಿಲ್ಲಿಸಿದರಂತೆ. ನಾನು ಏನೂ ಮಾತಾಡಲು ಆಗದೆ ಅವರೆಕಾಯಿ ಬಿಡಿಸುತ್ತಾ ಕೂತೆ.

ಅರ್ಜಿ ಬರೆದಿದ್ದೇನೆ. ಸೋಮವಾರ ಚಿತ್ರದುರ್ಗಕ್ಕೆ ಹೋಗುತ್ತಿದ್ದೇವೆ, ಮೊದಲು ಮಕ್ಕಳ ರಕ್ಷಣಾ ಘಟಕ, ಆಮೇಲೆ ಕೋರ್ಟ್. ಅವ್ವನೂ ಬರುತ್ತಾಳೆ, ಮಂಡಿ ನೋವು ಇದ್ದರೂ. ಬೆಳಿಗ್ಗೆ ಫೋನ್ ಮಾಡಿ ಒಂದು ಚೀಲ ತೆಗೆದಿಡು, ಖಾರದ್ದು ಬೇಡ, ಮಕ್ಕಳು ತಿನ್ನಬೇಕು ಅಂದಳು.