ಕಾಲೇಜಿನ ಮೂಡಲ್‌ಗೆ ಸ್ವಯಂಸೇವಕರ ಸಲಹಾ ಸಮಿತಿ: ಎಷ್ಟು ಜನ, ಎಷ್ಟು ಅಧಿಕಾರ?

ಲ್ಯಾಬ್‌ಮೇಷ್ಟ್ರು:
ಪದವಿ ಕಾಲೇಜು, 1,400 ವಿದ್ಯಾರ್ಥಿಗಳು, 52 ಅಧ್ಯಾಪಕರು. ಸ್ವಂತ ಸರ್ವರಿನಲ್ಲಿ ಮೂಡಲ್ 4.1 (ಪಾಠ, ಅಸೈನ್‌ಮೆಂಟ್, ಕ್ವಿಜ್ ನಡೆಸುವ ಆನ್‌ಲೈನ್ ಕಲಿಕಾ ತಂತ್ರಾಂಶ) ಓಡುತ್ತಿದೆ. ಒಂದೊಂದು ವಿಭಾಗದವರು ಒಂದೊಂದು ಪ್ಲಗಿನ್ (ಹೆಚ್ಚುವರಿ ಸೌಲಭ್ಯದ ಜೋಡಣೆ) ಹಾಕಿಸಿಕೊಂಡು ಈಗ 23 ಆಗಿವೆ. ಯಾವುದು ಯಾರಿಗೆ ಬೇಕಿತ್ತು ಎಂಬ ಲೆಕ್ಕ ಎಲ್ಲೂ ಇಲ್ಲ. ಅಪ್‌ಗ್ರೇಡ್ ಮಾಡಲು ಕೈ ನಡುಗುವ ಸ್ಥಿತಿ. ಪ್ರಾಂಶುಪಾಲರು ಭತ್ಯೆ ಗಿತ್ಯೆ ಇಲ್ಲದ ಒಂದು ಸಲಹಾ ಸಮಿತಿ ರಚಿಸಲು ಒಪ್ಪಿದ್ದಾರೆ. ಯಾರನ್ನು ಸೇರಿಸಬೇಕು, ಏನು ಅಧಿಕಾರ ಕೊಡಬೇಕು, ಮೊದಲ ಕೆಲಸ ಯಾವುದು?

ಕಡತಕಟ್ಟೆ:
9 ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಸಭೆಯ ದಿನಾಂಕ ಹೊಂದಿಸುವುದೇ ಒಂದು ಕೆಲಸವಾಗುತ್ತದೆ. ನಾಲ್ವರು ಅಧ್ಯಾಪಕರು, ಅವರಲ್ಲಿ ಒಬ್ಬರು ಮಾತ್ರ ಕಂಪ್ಯೂಟರ್ ವಿಭಾಗದವರು. ಕನ್ನಡ, ವಾಣಿಜ್ಯ ವಿಭಾಗದವರು ಇರಲೇಬೇಕು, ಏಕೆಂದರೆ ಎಲ್ಲಿ ಎಡವುತ್ತೇವೆಂದು ಗೊತ್ತಿರುವುದು ಅವರಿಗೆ. ಗ್ರಂಥಪಾಲಕರು, ಪರೀಕ್ಷಾ ವಿಭಾಗದ ಗುಮಾಸ್ತರು, ಮೂವರು ವಿದ್ಯಾರ್ಥಿಗಳು. ಅಂತಿಮ ವರ್ಷದವರು ಬೇಡ, ಕಲಿಯುವ ಹೊತ್ತಿಗೆ ಹೊರಟುಹೋಗುತ್ತಾರೆ. ಸ್ಕ್ರೀನ್ ರೀಡರ್ (ಪರದೆಯ ಬರಹ ಓದಿ ಹೇಳುವ ತಂತ್ರಾಂಶ) ಬಳಸುವ ವಿದ್ಯಾರ್ಥಿ ಇದ್ದರೆ ಮೊದಲು ಅವರನ್ನೇ ಕೇಳಿ.

ಸರ್ವರ್ ನೋಡಿಕೊಳ್ಳುವವರು ಸಭೆಗೆ ಬರಲಿ, ಮತ ಬೇಡ. ಹಾಗೆಯೇ ಸಮಿತಿಯ ಯಾರಿಗೂ ಅಡ್ಮಿನ್ ಪಾಸ್‌ವರ್ಡ್ ಬೇಡ. ಇದನ್ನು ಆದೇಶದಲ್ಲೇ ಬರೆಸಿ. ಸಲಹೆ ಕೊಡುವವರೇ ಗುಂಡಿ ಒತ್ತುವವರೂ ಆದರೆ ಎರಡನೇ ತಿಂಗಳಿಗೆ "ಒಂದೇ ಒಂದು ಪ್ಲಗಿನ್ ಹಾಕಿಬಿಡಿ ಸರ್" ಎಂಬ ಫೋನ್ ನೇರ ಅವರಿಗೇ ಬರುತ್ತದೆ, ನೀವು ಮತ್ತೆ 23ಕ್ಕೇ ಮರಳುತ್ತೀರಿ.

ಆದೇಶದ ಮುಖ್ಯ ಸಾಲು ಇನ್ನೊಂದು: ಸಮಿತಿಯ ಪ್ರತಿ ಶಿಫಾರಸಿಗೂ ಪ್ರಾಂಶುಪಾಲರು 10 ಕೆಲಸದ ದಿನದೊಳಗೆ ಬರಹದಲ್ಲಿ ಉತ್ತರಿಸಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು. ಅವಧಿ 2 ವರ್ಷ, ಪ್ರತಿ ವರ್ಷ ಅರ್ಧದಷ್ಟು ಜನ ಬದಲಾಗಲಿ. ಸಭೆ ತಿಂಗಳಿಗೊಮ್ಮೆ 45 ನಿಮಿಷ, ಮೂರಕ್ಕಿಂತ ಹೆಚ್ಚು ವಿಷಯ ಬೇಡ, ಇಂಟರ್ನಲ್ಸ್ ವಾರದಲ್ಲಂತೂ ಬೇಡವೇ ಬೇಡ.

ಅರ್ಜಿ ನಮೂನೆಯಲ್ಲಿ ಪ್ಲಗಿನ್ ಹೆಸರಿಗೆ ಜಾಗ ಇಡಬೇಡಿ. "ಯಾವ ಕೆಲಸ ಆಗುತ್ತಿಲ್ಲ, ಎಷ್ಟು ತರಗತಿಗೆ ಬೇಕು, ಯಾವಾಗಿನೊಳಗೆ" ಇಷ್ಟೇ ಕೇಳಿ. ಅರ್ಧ ಅರ್ಜಿಗಳಿಗೆ ಉತ್ತರ ಈಗಾಗಲೇ ಮೂಡಲ್ ಒಳಗೇ ಇರುತ್ತದೆ.

ಕ್ರಾನ್‌ಕಾವಲು:
ಮೊದಲ ಕೆಲಸ ಆ 23ರ ಪಟ್ಟಿ. ಸೈಟ್ ಅಡ್ಮಿನಿಸ್ಟ್ರೇಶನ್‌ನಲ್ಲಿ ಪ್ಲಗಿನ್ಸ್ ಓವರ್‌ವ್ಯೂ ತೆರೆದು ಅಡಿಷನಲ್ ಪ್ಲಗಿನ್ಸ್ ನೋಡಿ, ಹೊರಗಿನಿಂದ ಹಾಕಿದವು ಮಾತ್ರ ಕಾಣುತ್ತವೆ. ಮ್ಯಾನೇಜ್ ಆಕ್ಟಿವಿಟೀಸ್ ಪುಟದಲ್ಲಿ ಪ್ರತಿ ಆಕ್ಟಿವಿಟಿ ಎಷ್ಟು ಕಡೆ ಬಳಕೆಯಲ್ಲಿದೆ ಎಂಬ ಸಂಖ್ಯೆ ಇರುತ್ತದೆ. ಸೊನ್ನೆ ಇದ್ದವನ್ನು ಮೊದಲು ಎತ್ತಿಕೊಳ್ಳಿ. ಆದರೆ ಒಮ್ಮೆಗೇ ಅನ್‌ಇನ್‌ಸ್ಟಾಲ್ ಮಾಡಬೇಡಿ, ಪ್ಲಗಿನ್ ಜೊತೆ ಅದರ ಟೇಬಲ್‌ಗಳೂ ದತ್ತಾಂಶವೂ ಅಳಿಯುತ್ತವೆ. ಕಣ್ಣಿನ ಚಿಹ್ನೆ ಒತ್ತಿ ಒಂದು ಸೆಮಿಸ್ಟರ್ ಮರೆಮಾಡಿ. ಯಾರೂ ಕೂಗದಿದ್ದರೆ ತೆಗೆಯಿರಿ.

4.1ರ ಭದ್ರತಾ ಬೆಂಬಲ 2025ರ ಡಿಸೆಂಬರ್‌ಗೆ ಮುಗಿದಿದೆ, ಹಾಗಾಗಿ ಎಳೆಯಬೇಡಿ. 2024ರ ಅಕ್ಟೋಬರ್‌ನಲ್ಲಿ ಬಂದ 4.5ಕ್ಕೆ ಏರಲು ನಿಮ್ಮದು ಕನಿಷ್ಠ 4.1.2 ಇರಬೇಕು, ಸರ್ವರಿನಲ್ಲಿ ಮೂಡಲನ್ನು ಓಡಿಸುವ ಪಿಎಚ್‌ಪಿ ಭಾಷೆಯ 8.1 ಆವೃತ್ತಿ ಬೇಕು. 4.1 ಕೂಡ 8.1ರಲ್ಲಿ ಓಡುತ್ತದೆ. ಆದ್ದರಿಂದ ಮೊದಲು ಪಿಎಚ್‌ಪಿ ಮಾತ್ರ ಏರಿಸಿ, ಒಂದು ವಾರ ನೋಡಿ, ಆಮೇಲೆ ಮೂಡಲ್. ಎರಡನ್ನೂ ಒಂದೇ ರಾತ್ರಿ ಮಾಡಿದರೆ ತಪ್ಪು ಯಾವುದರದ್ದು ಎಂದು ತಿಳಿಯುವುದಿಲ್ಲ. ಪಿಎಚ್‌ಪಿಯ ಸೋಡಿಯಂ ಎಕ್ಸ್‌ಟೆನ್ಶನ್ (ಗೂಢಲಿಪೀಕರಣದ ಭಾಗ) ಇದೆಯೇ ನೋಡಿಕೊಳ್ಳಿ.

ಅಪ್‌ಗ್ರೇಡ್‌ಗೆ ಮೊದಲು ಪ್ರಯೋಗಕ್ಕೆಂದು ಸೈಟಿನ ನಕಲು ಪ್ರತಿ ಮಾಡುವಾಗ ಮೂರೂ ಬೇಕು: ಕೋಡ್, ಡೇಟಾಬೇಸ್, ಮೂಡಲ್‌ಡೇಟಾ ಫೋಲ್ಡರ್. ಮೂರನೆಯದನ್ನು ಮರೆತರೆ ಕೋರ್ಸ್‌ಗಳು ಕಾಣುತ್ತವೆ, ಕಡತಗಳು ತೆರೆಯುವುದಿಲ್ಲ. ಕ್ರಾನ್ (ಹಿನ್ನೆಲೆ ಕೆಲಸಗಳನ್ನು ಹೊತ್ತುಹೊತ್ತಿಗೆ ನಡೆಸುವ ವ್ಯವಸ್ಥೆ) ಶುರು ಮಾಡುವ ಮೊದಲು ಕಾನ್ಫಿಗ್ ಕಡತದಲ್ಲಿ ವಿಳಾಸ ಬದಲಿಸಿ, ನೋ‌ಇಮೇಲ್‌ಎವರ್ ಎಂಬ, ಮೇಲ್ ಹೋಗುವುದನ್ನು ತಡೆಯುವ ಸೆಟ್ಟಿಂಗನ್ನು ಟ್ರೂ ಮಾಡಿ. ಇಲ್ಲದಿದ್ದರೆ ಆ ನಕಲು ಸರ್ವರೇ ನಿಮ್ಮ 1,400 ಜನಕ್ಕೆ ಹಳೆಯ ಅಸೈನ್‌ಮೆಂಟ್ ಜ್ಞಾಪನೆ ಕಳಿಸೀತು.

ಸಮಿತಿ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲೇ. ನಕಲು ಪ್ರತಿಯಲ್ಲಿ ಪ್ರತಿ ಸದಸ್ಯರೂ ಒಂದು ಕ್ವಿಜ್ ಬರೆಯಲಿ, ಫೋನಿನಿಂದ 20 ಎಂಬಿ ಪಿಡಿಎಫ್ ಏರಿಸಲಿ, ಅಂಕಪಟ್ಟಿ ಇಳಿಸಲಿ, ಮೌಸ್ ಮುಟ್ಟದೆ ಟ್ಯಾಬ್ ಕೀಲಿಯಲ್ಲೇ ಕ್ವಿಜ್ ಸಲ್ಲಿಸಿ ನೋಡಲಿ. ಏರಿಸುವುದು ಸೋತರೆ ಮಿತಿ ನಾಲ್ಕು ಕಡೆ ಇರುತ್ತದೆ: ಪಿಎಚ್‌ಪಿ, ಸೈಟ್, ಕೋರ್ಸ್, ಆ ಅಸೈನ್‌ಮೆಂಟ್. ಅತಿ ಚಿಕ್ಕದೇ ಗೆಲ್ಲುತ್ತದೆ.

ನುಡಿಗಟ್ಟು:
ಮೇಲಿನವರು ಬಿಟ್ಟಿದ್ದು ಕನ್ನಡದ ತಕರಾರು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಯನ್ನು ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಅದು ಯೂನಿಕೋಡ್ ಅಲ್ಲ; ಪರಿವರ್ತಕದಲ್ಲಿ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಕಣ್ಣಾರೆ ನೋಡಿ, ಆಮೇಲೆ ಪ್ರಶ್ನಕೋಶಕ್ಕೆ ಹಾಕಿ. ಇದಕ್ಕೆ ಪ್ಲಗಿನ್ ಕೇಳುವವರಿದ್ದಾರೆ, ಕೊಡಬೇಡಿ. ಅಂಕಪಟ್ಟಿಯನ್ನು ಸಿಎಸ್‌ವಿಯಲ್ಲಿ ಇಳಿಸಿ ಎಕ್ಸೆಲ್‌ನಲ್ಲಿ ನೇರ ತೆರೆದರೂ ಕನ್ನಡ ಹೆಸರುಗಳು ಕೆಡಬಹುದು. ಎಕ್ಸೆಲ್ ರೂಪದಲ್ಲೇ ಇಳಿಸಿಕೊಂಡರೆ ಆ ತೊಂದರೆ ಇಲ್ಲ.

ಕ್ವಿಜ್ ದಿನದ ನಿಯಮವನ್ನೂ ಸಮಿತಿಯೇ ಬರೆಯಲಿ. ಸರ್ವರ್ ಮಲಗುವುದು ಹೆಚ್ಚಾಗಿ ಶುರುವಿನ ಎರಡು ನಿಮಿಷ, ಕೊನೆಯ ಎರಡು ನಿಮಿಷ. 200 ಜನರನ್ನು ನಾಲ್ಕು ಗುಂಪು ಮಾಡಿ, ಗ್ರೂಪ್ ಓವರ್‌ರೈಡ್‌ನಲ್ಲಿ (ಗುಂಪಿಗೊಂದು ಬೇರೆ ಸಮಯ ಕೊಡುವ ಸೌಲಭ್ಯ) 10 ನಿಮಿಷದ ಅಂತರ ಕೊಡಿ. ಕ್ರಾನ್ ನಿಮಿಷಕ್ಕೊಮ್ಮೆ ಓಡುತ್ತಿರಬೇಕು. ಬ್ರೌಸರ್ ಮುಚ್ಚಿ ಎದ್ದುಹೋದವರ ಉತ್ತರಪತ್ರಿಕೆಯನ್ನು ಸಮಯ ಮುಗಿದ ಮೇಲೆ ಸಲ್ಲಿಸುವುದು ಅದೇ.

ಲ್ಯಾಬ್‌ಮೇಷ್ಟ್ರು:
ತುಂಬ ಉಪಕಾರ. ಒಂದೇ ಅನುಮಾನ: ಮೂರನೇ ಸಭೆಗೆ ಯಾರೂ ಬರದಿದ್ದರೆ? ಇನ್ನೊಂದು, ವಿದ್ಯಾರ್ಥಿ ಸದಸ್ಯರಿಗೆ ನಕಲು ಪ್ರತಿಯಲ್ಲಿ ಎಲ್ಲರ ಅಂಕ ಕಾಣುವುದಿಲ್ಲವೇ?

ಕಡತಕಟ್ಟೆ:
ಅಧ್ಯಾಪಕರ ಕಾರ್ಯಭಾರ ಪತ್ರದಲ್ಲಿ ತಿಂಗಳಿಗೆ 2 ಗಂಟೆ ಎಂದು ನಮೂದಿಸಿ, ಸತತ ಎರಡು ಸಭೆ ತಪ್ಪಿದರೆ ಜಾಗ ಖಾಲಿ ಎಂದು ಆದೇಶದಲ್ಲಿರಲಿ. ಆದರೂ ಜನ ಬಿಡುವುದು ಕೆಲಸ ಹೆಚ್ಚಾಯಿತೆಂದಲ್ಲ, ಹೇಳಿದ್ದಕ್ಕೆ ಉತ್ತರ ಬರಲಿಲ್ಲವೆಂದು. ಆ 10 ದಿನದ ಸಾಲನ್ನು ಪ್ರಾಂಶುಪಾಲರು ಒಪ್ಪದಿದ್ದರೆ ಸಮಿತಿ ಮಾಡಲೇ ಹೋಗಬೇಡಿ.

ಕ್ರಾನ್‌ಕಾವಲು:
ಅಂಕದ ವಿಷಯ: ವಿದ್ಯಾರ್ಥಿಗಳಿಗೆ ಪೂರ್ತಿ ನಕಲನ್ನು ಕೊಡಬೇಡಿ. ಒಂದೆರಡು ಕೋರ್ಸನ್ನು ಬಳಕೆದಾರರ ಮಾಹಿತಿ ಸೇರಿಸದೆ ಬ್ಯಾಕಪ್ ತೆಗೆದು ಖಾಲಿ ಸೈಟಿಗೆ ರಿಸ್ಟೋರ್ ಮಾಡಿ, ಅಣಕು ಹೆಸರಿನ ಐದು ಖಾತೆ ತೆರೆಯಿರಿ. ಬ್ಯಾಕಪ್ ಪುಟದಲ್ಲಿ ಬಳಕೆದಾರರ ಮಾಹಿತಿಗೊಂದು ಟಿಕ್ ಗುರುತು ಇರುತ್ತದೆ, ಅದನ್ನು ತೆಗೆಯಲು ಮರೆಯಬೇಡಿ.